ಬಾರ್ಸಿಲೋನಾದಿಂದ ವಾಪಸ್ ಬಂದ ಕುಬೊ: ಹೊರದೇಶದಲ್ಲಿ ಆಡಬೇಕೆನ್ನುವ ನಮ್ಮ ಹುಡುಗರಿಗಾಗಿ

ಸಂಡೂರು ಪಿಟಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೋರಣಗಲ್ಲಿನ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು, ಬೆಂಗಳೂರು ಎಫ್‌ಸಿಯವರು ಸೀಸನ್‌ಗೆ ಮುಂಚೆ ಅಲ್ಲಿಗೆ ಬಂದು ಅಭ್ಯಾಸ ಮಾಡಿದರು. ಅಲ್ಲಿಂದೀಚೆಗೆ ನಮ್ಮ ತಾಲೂಕಿನ ಹುಡುಗರಿಗೆ ಫುಟ್‌ಬಾಲ್ ಹುಚ್ಚು ಚೆನ್ನಾಗಿಯೇ ಹಿಡಿದಿದೆ. ಸಂತೋಷ. ಆದರೆ ಎಂಟನೇ ಕ್ಲಾಸಿನ ಹುಡುಗ ಕೂಡ "ಸರ್, ಸ್ಪೇನಿಗೆ ಹೋಗೋದು ಹೆಂಗೆ?" ಅಂತಲೇ ಕೇಳುತ್ತಾನೆ. ಬೆಂಗಳೂರು, ಗೋವಾ, ಕೋಲ್ಕತ್ತಾ ಅನ್ನುವವರು ಇಲ್ಲ.

ಅಂಥವರಿಗೆ ನಾನು ಹೇಳುವುದು ಜಪಾನಿನ ಟಕೆಫುಸಾ ಕುಬೊನ ಕಥೆ. ನಮ್ಮ ಹಾಗೆಯೇ ಏಷ್ಯಾದವನು, ಎತ್ತರ ಐದು ಅಡಿ ಎಂಟು ಇಂಚಿನ ಆಸುಪಾಸು, ಎಡಗಾಲಿನ ಆಟಗಾರ. 2001ರ ಜೂನ್ 4ರಂದು ಕವಾಸಾಕಿಯಲ್ಲಿ ಹುಟ್ಟಿದ. ಹತ್ತನೇ ವಯಸ್ಸಿಗೆ, 2011ರಲ್ಲಿ, ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಲಾ ಮಾಸಿಯಾ ಸೇರಿದ. ಮೆಸ್ಸಿ ಬೆಳೆದ ಅಕಾಡೆಮಿ ಅದು. ಇಷ್ಟನ್ನು ಎಲ್ಲ ಹುಡುಗರೂ ಮೊಬೈಲಿನಲ್ಲಿ ನೋಡಿರುತ್ತಾರೆ. ನಾನು ಹೇಳಬೇಕೆನ್ನುವುದು ಅದರ ಮುಂದಿನದು.

18 ತುಂಬದ ವಿದೇಶಿ ಮಕ್ಕಳನ್ನು ನಿಯಮ ಮೀರಿ ಸೇರಿಸಿಕೊಂಡಿದ್ದಕ್ಕೆ ಫಿಫಾ 2014ರಲ್ಲಿ ಬಾರ್ಸಿಲೋನಾಕ್ಕೆ ಶಿಕ್ಷೆ ಹಾಕಿತು. 2015ರ ಎರಡೂ ಟ್ರಾನ್ಸ್‌ಫರ್ ಅವಧಿಗಳಲ್ಲಿ (ಆಟಗಾರರು ಕ್ಲಬ್ ಬದಲಿಸಬಹುದಾದ ದಿನಗಳಲ್ಲಿ) ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸುವಂತಿರಲಿಲ್ಲ. ಕುಬೊ ಅಭ್ಯಾಸ ಮಾಡಬಹುದಿತ್ತು, ಅಧಿಕೃತ ಪಂದ್ಯ ಆಡುವಂತಿರಲಿಲ್ಲ. 18 ತುಂಬಲು ಇನ್ನೂ ನಾಲ್ಕು ವರ್ಷ ಇತ್ತು. ಆಗ ಆ ಮನೆಯವರು ಜಗತ್ತಿನ ಅತಿ ದೊಡ್ಡ ಅಕಾಡೆಮಿಯನ್ನು ಬಿಟ್ಟು 2015ರಲ್ಲಿ ಜಪಾನಿಗೆ ವಾಪಸ್ ಬಂದರು. ಹುಡುಗ ಎಫ್‌ಸಿ ಟೋಕಿಯೊದ ಕಿರಿಯರ ತಂಡ ಸೇರಿದ.

ಅವನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹದಿಮೂರರಿಂದ ಹದಿನೆಂಟರವರೆಗೆ ಹುಡುಗನಿಗೆ ಬೇಕಾದದ್ದು ಪಂದ್ಯ. ಒಳ್ಳೆಯ ಹುಲ್ಲು, ಒಳ್ಳೆಯ ಬೂಟು, ದೊಡ್ಡ ಹೆಸರಿನ ಜರ್ಸಿ ಎಲ್ಲ ಆಮೇಲೆ. ನೀವೇನಂತೀರಿ?

ಕೌಲ್‌ಬಜಾರ್ 11

ಮೇಷ್ಟ್ರೇ, ನಿಮ್ಮ ಮಾತು ಪೂರ್ತಿ ಒಪ್ಪಕ್ಕಾಗಲ್ಲ. ಹತ್ತರಿಂದ ಹದಿಮೂರು ಅವನು ಬಾರ್ಸಿಲೋನಾದಾಗೇ ಇದ್ದ ಅಲ್ವಾ? ಚೆಂಡು ಬರೋ ಮುಂಚೆ ತಲೆ ತಿರುಗಿಸಿ ಎರಡೂ ಕಡೆ ನೋಡೋದು, ಸಣ್ಣ ಜಾಗದಾಗೆ ತಿರುಗೋದು, ಇವೆಲ್ಲ ಆ ವಯಸ್ಸಿನಾಗೆ ಕಲಿತಿದ್ದು. ಅದನ್ನ ಜಪಾನ್‌ಗೆ ಹೊತ್ಕೊಂಡು ಬಂದ. ಬುನಾದಿ ಅಲ್ಲಿ ಬಿದ್ದಿದ್ದಕ್ಕೇ ಇಲ್ಲಿ ಗೋಡೆ ಎದ್ದಿದ್ದು. ಸ್ಪ್ಯಾನಿಷ್ ಕೂಡ ಅಲ್ಲೇ ಕಲ್ತ. ಆಮೇಲೆ ವಾಪಸ್ ಹೋದಾಗ ಪ್ರೆಸ್ ಮೀಟ್‌ನಾಗೆ ಅವನು ಸ್ಪ್ಯಾನಿಷ್‌ನಾಗೆ ಮಾತಾಡೋದು ಕೇಳಿ, ದುಭಾಷಿ ಬೇಕಿಲ್ಲ.

ನಮ್ಮ ಬಳ್ಳಾರಿ ಹುಡುಗ 18 ತುಂಬಿದ ಮೇಲೆ ಒಂದೇ ಸಲ ಅಲ್ಲಿಗೆ ಹೋಗಿ ನಿಂತರೆ ಆಟ, ಭಾಷೆ, ಊಟ, ಚಳಿ ಎಲ್ಲ ಒಟ್ಟಿಗೆ ಕಲೀಬೇಕು. ಅದು ಬಹಳ ಕಷ್ಟ. ಬೇಗ ಹೋದವನಿಗೆ ಲಾಭ ಐತೆ ಅನ್ನೋದನ್ನ ತಳ್ಳಿ ಹಾಕಬೇಡಿ.

ಶಕ್ತಿನಗರ ರೆಫ್ರಿ

ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಬೇಗ ಹೋಗುವುದು ನಮ್ಮ ಕೈಯಲ್ಲಿಲ್ಲ, ನಿಯಮವೇ ಬಿಡುವುದಿಲ್ಲ.

ಫಿಫಾ ವರ್ಗಾವಣೆ ನಿಯಮದ 19ನೇ ವಿಧಿಯ ಪ್ರಕಾರ 18 ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್ ನೋಂದಾಯಿಸುವಂತಿಲ್ಲ. ವಿನಾಯಿತಿಗಳಿವೆ. ತಂದೆ ತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಮಗು ಅಲ್ಲಿ ಆಡಬಹುದು. ಯುರೋಪಿಯನ್ ಒಕ್ಕೂಟದ ಒಳಗೆ 16ರಿಂದ 18ರವರೆಗಿನವರು ಕೆಲವು ಷರತ್ತುಗಳ ಮೇಲೆ ದೇಶ ಬದಲಿಸಬಹುದು. ಗಡಿಯಿಂದ 50 ಕಿಲೋಮೀಟರ್ ಒಳಗೆ ವಾಸಿಸುವವರಿಗೆ ಇನ್ನೊಂದು ದಾರಿ. ಇನ್ನೂ ಒಂದೆರಡಿವೆ, ಅವು ನಿರಾಶ್ರಿತರಂಥವರಿಗೆ. ರಾಯಚೂರಿನ ರೈತನ ಮಗನಿಗೆ ಇವು ಯಾವುವೂ ಅನ್ವಯಿಸುವುದಿಲ್ಲ.

ಇಂಗ್ಲೆಂಡಿನ ಆಟಗಾರ ಜೂಡ್ ಬೆಲ್ಲಿಂಗ್‌ಹ್ಯಾಮ್ 17ಕ್ಕೇ ಬರ್ಮಿಂಗ್‌ಹ್ಯಾಮ್‌ನಿಂದ ಜರ್ಮನಿಯ ಡಾರ್ಟ್‌ಮಂಡಿಗೆ ಹೋದನಲ್ಲ ಅಂತ ಹುಡುಗರು ಕೇಳುತ್ತಾರೆ. ಅವನು ಹೋದದ್ದು 2020ರ ಜುಲೈನಲ್ಲಿ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಬಳಿಕದ ಹೊಸ ನಿಯಮ ಆಗ ಇನ್ನೂ ಜಾರಿಗೆ ಬಂದಿರಲಿಲ್ಲ. 2021ರಿಂದ 18 ತುಂಬದ ಇಂಗ್ಲೆಂಡಿನ ಹುಡುಗನಿಗೂ ಆ ಬಾಗಿಲು ಮುಚ್ಚಿದೆ. ಇನ್ನೊಂದು ಮಾತು: ಡಾರ್ಟ್‌ಮಂಡಿನಲ್ಲಿ ಅವನ ಜೊತೆ ತಾಯಿ ಇದ್ದರು, ಅವನ ತಮ್ಮನ ಜೊತೆ ತಂದೆ ಇಂಗ್ಲೆಂಡಿನಲ್ಲಿ ಉಳಿದರು. ಒಬ್ಬ ಹುಡುಗನನ್ನು ಹೊರದೇಶದಲ್ಲಿ ಆಡಿಸಲು ಒಂದು ಸಂಸಾರ ಎರಡು ಮನೆ ಮಾಡಬೇಕಾಯಿತು. ಹುಡುಗನ ಕನಸಿನ ಬಗ್ಗೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಿಂಧನೂರಿನ ತಾಯಿ

ಸರ್, ನಾನು ಇಲ್ಲಿ ಹೊಸಬಳು, ತಪ್ಪು ತಿಳಕೋಬ್ಯಾಡ್ರಿ. ನನ್ನ ಮಗಗ ಈಗ ಹದಿನಾರು. ವಿಂಗ್‌ನ್ಯಾಗ ಆಡ್ತಾನ, ಜಿಲ್ಲಾ ಟೀಮಿಗೆ ಸೆಲೆಕ್ಟ್ ಆಗ್ಯಾನ. ಎಸ್ಸೆಸ್ಸೆಲ್ಸಿ ಮುಗಿಸ್ಯಾನ. ಒಬ್ಬಾತ ಫೋನ್ ಮಾಡಿ, ಸ್ಪೇನ್‌ನ್ಯಾಗ ಟ್ರಯಲ್ ಕೊಡಿಸ್ತೀನಿ, ಅಲ್ಲೇ ಕ್ಲಬ್‌ಗೆ ಸೇರಿಸ್ತೀನಿ, ಮೊದಲು ಇಷ್ಟು ಲಕ್ಷ ಕಟ್ರಿ ಅಂತ ಕೇಳಾಕತ್ಯಾನ. ಮನಿಯವರು ಎರಡು ಎಕರೆ ಗದ್ದಿ ಮಾರಾಣು ಅಂತಾರ. ಮಗ ಊಟ ಸೈತ ಬಿಟ್ಟು ಹಟ ಹಿಡದಾನ. ಏನ್ ಮಾಡ್ಲಿ?

ಶಕ್ತಿನಗರ ರೆಫ್ರಿ

ತಾಯಿ, ಗದ್ದೆ ಮಾರಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ.

ಹದಿನಾರರ ಹುಡುಗನನ್ನು ಸ್ಪೇನಿನ ಕ್ಲಬ್ ನೋಂದಾಯಿಸಲು ಆಗುವುದಿಲ್ಲ ಅಂತ ಮೇಲೆ ಬರೆದೆನಲ್ಲ, ಆದ್ದರಿಂದ "ಕ್ಲಬ್‌ಗೆ ಸೇರಿಸ್ತೀನಿ" ಅನ್ನುವ ಮಾತೇ ನಿಲ್ಲುವುದಿಲ್ಲ. ಸ್ಪೇನಿನಲ್ಲಿ ದುಡ್ಡು ಕಟ್ಟಿ ಕಲಿಯುವ ಖಾಸಗಿ ಅಕಾಡೆಮಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಅಲ್ಲಿ ನಿಮ್ಮ ಮಗ ಫೀಸು ಕೊಟ್ಟ ವಿದ್ಯಾರ್ಥಿ, ಕ್ಲಬ್ಬಿನ ಆಟಗಾರ ಅಲ್ಲ. ಅಭ್ಯಾಸ ಮಾಡುವುದು ಬೇರೆ, ಲೀಗಿನಲ್ಲಿ ಹೆಸರು ನೋಂದಾಯಿಸಿ ಆಡುವುದು ಬೇರೆ. ಲಾ ಮಾಸಿಯಾದಲ್ಲಿ ಕುಬೊನಂಥವನೇ ಪಂದ್ಯವಿಲ್ಲದೆ ಕೂತದ್ದು ಇದೇ ಕಾರಣಕ್ಕೆ.

ಫೋನ್ ಮಾಡಿದವರನ್ನು ಎರಡು ಪ್ರಶ್ನೆ ಕೇಳಿ. ನಿಮ್ಮ ಫಿಫಾ ಏಜೆಂಟ್ ಲೈಸೆನ್ಸ್ ನಂಬರ್ ಏನು? ಕ್ಲಬ್ ತನ್ನ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ ಎಲ್ಲಿ? 2023ರಿಂದ ಏಜೆಂಟರಿಗೆ ಪರೀಕ್ಷೆ ಪಾಸಾಗಿ ಪಡೆಯುವ ಲೈಸೆನ್ಸ್ ಕಡ್ಡಾಯ. ಫಿಫಾ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. 18 ತುಂಬದವರ ವಿಷಯದಲ್ಲಿ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಏಜೆಂಟ್ ಹುಡುಗನ ಹತ್ತಿರ ಮಾತಾಡುವಂತೆಯೇ ಇಲ್ಲ. ಆತ ಮೊದಲು ಮಗನ ನಂಬರಿಗೆ ಫೋನ್ ಮಾಡಿದ್ದರೆ ಅಷ್ಟರಲ್ಲೇ ಅರ್ಥ ಮಾಡಿಕೊಳ್ಳಿ.

ಸಂಡೂರು ಪಿಟಿ ಮೇಷ್ಟ್ರು

ಅಮ್ಮಾ, ರೆಫ್ರಿ ಸರ್ ಹೇಳಿದ್ದು ಅಕ್ಷರಶಃ ಸರಿ. ಮಗನಿಗೆ ಬೈಯಬೇಡಿ, ಕೂರಿಸಿಕೊಂಡು ಕುಬೊನ ಮುಂದಿನ ಕಥೆ ಹೇಳಿ. ಹಟ ಇಳಿಯುತ್ತದೆ.

ಟೋಕಿಯೊಗೆ ಬಂದವನು ಸುಮ್ಮನೆ ಕಾಯಲಿಲ್ಲ. ಆಗ ಜಪಾನಿನಲ್ಲಿ ಒಂದು ಏರ್ಪಾಡಿತ್ತು. ದೊಡ್ಡ ಕ್ಲಬ್ಬುಗಳ 23ರೊಳಗಿನ ತಂಡಗಳನ್ನು ಮೂರನೇ ದರ್ಜೆಯ ಜೆ3 ಲೀಗಿನಲ್ಲಿ ಆಡಿಸುತ್ತಿದ್ದರು. 2016ರ ನವೆಂಬರ್‌ನಲ್ಲಿ, 15 ವರ್ಷ 5 ತಿಂಗಳಿಗೆ, ಕುಬೊ ಆ ಲೀಗಿನಲ್ಲಿ ಗಂಡಸರ ಜೊತೆ ಮೈದಾನಕ್ಕಿಳಿದ. ಆ ಹೊತ್ತಿಗೆ ಜೆ ಲೀಗಿನಲ್ಲಿ ಅಷ್ಟು ಚಿಕ್ಕವನು ಯಾರೂ ಆಡಿರಲಿಲ್ಲ. 2017ರಲ್ಲಿ ಗೋಲು ಹೊಡೆದು ಆ ದಾಖಲೆಯನ್ನೂ ಬರೆದ. ಅದೇ ವರ್ಷ 20ರೊಳಗಿನವರ ವಿಶ್ವಕಪ್ಪಿಗೆ 15ರ ಹುಡುಗನಾಗಿ ಹೋದ. 2018ರಲ್ಲಿ ಟೋಕಿಯೊದಲ್ಲಿ ಅವಕಾಶ ಕಡಿಮೆಯಾದಾಗ ಯೊಕೊಹಾಮಾ ಎಫ್ ಮರಿನೋಸ್‌ಗೆ ಲೋನ್ ಮೇಲೆ, ಅಂದರೆ ಕೆಲಕಾಲಕ್ಕೆ ಎರವಲಾಗಿ, ಹೋದ. 2019ರ ಮೊದಲ ಅರ್ಧದಲ್ಲಿ ಟೋಕಿಯೊ ಪರವಾಗಿ ಮೊದಲ ದರ್ಜೆಯ ಜೆ1ನಲ್ಲಿ 13 ಪಂದ್ಯ, 4 ಗೋಲು.

18 ತುಂಬಿದ ಅದೇ ಜೂನ್‌ನಲ್ಲಿ ಅವನನ್ನು ಕರೆದದ್ದು ಯಾರು? ಬಾರ್ಸಿಲೋನಾದ ದೊಡ್ಡ ಎದುರಾಳಿ ಕ್ಲಬ್ ರಿಯಲ್ ಮ್ಯಾಡ್ರಿಡ್. ಬಾರ್ಸಿಲೋನಾದಲ್ಲೇ ಕೂತು ನಾಲ್ಕು ವರ್ಷ ಬರೀ ಅಭ್ಯಾಸ ಮಾಡಿದ್ದರೆ ಈ ಕರೆ ಬರುತ್ತಿತ್ತೇ? ಬಾರ್ಸಿಲೋನಾದಲ್ಲೇ ಉಳಿದು 18 ತುಂಬುವವರೆಗೆ ಕಾದ ಕೊರಿಯಾದ ಲೀ ಸುಂಗ್‌ವೂ ಇದ್ದಾನೆ. ಅವನೂ ಅಪಾರ ಪ್ರತಿಭೆಯ ಹುಡುಗ. 2016ರ ಜನವರಿಯಲ್ಲಿ 18 ತುಂಬಿ ಆಡಲು ಅನುಮತಿ ಸಿಕ್ಕಿತು, 2017ರಲ್ಲಿ ಇಟಲಿಯ ವೆರೋನಾಗೆ ಹೊರಟುಹೋದ. ಬಾರ್ಸಿಲೋನಾದ ಮೊದಲ ತಂಡಕ್ಕೆ ಲೀಗ್ ಪಂದ್ಯ ಆಡಲೇ ಇಲ್ಲ. ಬೆಳೆಯುವ ವಯಸ್ಸಿನಲ್ಲಿ ಪಂದ್ಯವಿಲ್ಲದೆ ಕಳೆದ ವರ್ಷಗಳು ಅವನಿಗೆ ಭಾರವಾದವು ಅಂತ ನನಗನ್ನಿಸುತ್ತದೆ.

ಗಂಗಾವತಿ ಗೋಲಿ

ಮೇಷ್ಟ್ರ, ಕಾಯೋದು ಅಂದ್ರ ಎಲ್ಲಾರಿಗೂ ಒಂದ ಲೆಕ್ಕ ಅಲ್ಲರಿ. ನಾನು ಗೋಲ್ ಪೋಸ್ಟಿನ್ಯಾಗ ನಿಂತಾವ. ಗೋಲ್‌ಕೀಪರ್ ಜಾಗ ಒಂದ ಇರತೈತಿ. ಮುಂದಿನಾಂವ ಬೀಳೂತನಕ ಹಿಂದಿನಾಂವ ಕುಂದರಬೇಕು.

ನಮ್ಮ ದೇಶದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ನೋಡ್ರಿ. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಬಿಟ್ಟು 2014ರಾಗ ನಾರ್ವೆದ ಸ್ಟಾಬೆಕ್ ಕ್ಲಬ್ ಸೇರಿದ. ಆಗ ವಯಸ್ಸು 22. ಅಲ್ಲಿ ಕೋಚ್ ಅಮೆರಿಕದ ಬಾಬ್ ಬ್ರಾಡ್ಲಿ. ಮುಂದ ಐವರಿ ಕೋಸ್ಟ್‌ನ ಸಯೂಬಾ ಮಾಂಡೆ ಅನ್ನೋ ಗಟ್ಟಿ ಕೀಪರ್. 2015ರಾಗ ನಾರ್ವೆ ಕಪ್ಪಿನ್ಯಾಗ ಆಡಿಸಿದ್ರು. ಲೀಗ್ ಪಂದ್ಯ ಸಿಕ್ಕಿದ್ದು 2016ರ ಮೇ ತಿಂಗಳಾಗ, ಸ್ಟಾರ್ಟ್ ತಂಡದ ಮ್ಯಾಲ, 5-0 ಗೆಲುವು. ಯುರೋಪಿನ ಒಂದು ದೇಶದ ಮೇಲಿನ ದರ್ಜೆ ಲೀಗಿನ್ಯಾಗ ಆಡಿದ ಮೊದಲ ಭಾರತೀಯ ಅಂವ. ಮುಂದಿನ ತಿಂಗಳ 30ಕ್ಕ ಯುರೋಪಾ ಲೀಗ್ (ಯುರೋಪಿನ ಬ್ಯಾರೆ ಬ್ಯಾರೆ ದೇಶದ ಕ್ಲಬ್ಬುಗಳ ಟೂರ್ನಿ) ಅರ್ಹತಾ ಪಂದ್ಯ. ಹತ್ತಿರ ಎರಡು ವರ್ಷ ದಿನಾ ಅಭ್ಯಾಸ, ದಿನಾ ಬೆಂಚು. ನಮ್ಮ ದೇಶದ ಬಿಸಿಲಾಗ ಬೆಳದಾವಗ ಓಸ್ಲೊ ಸಮೀಪದ ಚಳಿಯಾಗ ಎರಡು ವರ್ಷ ಹಂಗ ಇರೋದು ಅಂದ್ರ ಎದಿ ಗಟ್ಟಿ ಇರಬೇಕರಿ.

2017ಕ್ಕ ವಾಪಸ್ ಬಂದು ಬೆಂಗಳೂರು ಎಫ್‌ಸಿ ಸೇರಿದ. ನಾರ್ವೆದಾಗ ಕಲ್ತ ಕಾಲ್ಗೆಲಸ, ಪೆನಾಲ್ಟಿ ಬಾಕ್ಸ್ ಒಳಗ ದನಿ ಎತ್ತಿ ಡಿಫೆನ್ಸ್ ನಡಸೋದು, ಇವೆಲ್ಲ ಆಮ್ಯಾಲಿನ ಆಟದಾಗ ಕಂಡವು. ಅಂದಮ್ಯಾಲ ಬೆಂಚಿನ ವರ್ಷನೂ ದಂಡ ಆಗಲಿಲ್ಲ. ಆದ್ರ ಅಂವ 22ಕ್ಕ ಹೋದಾವ, ಆರಂಭದ ಪಂದ್ಯ ಎಲ್ಲಾ ಇಲ್ಲೇ ಆಡಿದ್ದ. ಇದನ್ನ ಹುಡುಗರು ಮರೀಬಾರ್ದು.

ಕೌಲ್‌ಬಜಾರ್ 11

ಗೋಲಿ ಅಣ್ಣ ಹೇಳಿದ್ದು ಮನಸಿಗೆ ನಾಟಿತು. ಆದರೆ ಬೇಗ ಹೋದ ನಮ್ಮವನೂ ಒಬ್ಬ ಇದಾನೆ: ಇಶಾನ್ ಪಂಡಿತಾ. ಬೆಂಗಳೂರಿನಾಗೆ ಬೆಳೆದು ಹದಿಹರೆಯದಾಗೇ ಸ್ಪೇನ್‌ಗೆ ಹೋದ. ಅಲ್ಮೇರಿಯಾದಾಗೆ ತಯಾರಾಗಿ, 2016ರಾಗೆ, ಅಂದರೆ 18 ತುಂಬಿದ ವರ್ಷ, ಲೆಗಾನೆಸ್ ಕ್ಲಬ್‌ನ 19ರೊಳಗಿನ ತಂಡಕ್ಕೆ ಸಹಿ ಹಾಕಿದ. ಲಾ ಲಿಗಾ, ಅಂದರೆ ಸ್ಪೇನ್‌ನ ಮೊದಲ ದರ್ಜೆ ಲೀಗ್, ಅದರ ಕ್ಲಬ್‌ನಾಗೆ ಕಾಂಟ್ರಾಕ್ಟ್ ಪಡೆದ ಮೊದಲ ಭಾರತೀಯ. ಆಮೇಲೆ ಕೆಳಗಿನ ದರ್ಜೆ ಕ್ಲಬ್‌ಗಳು, ಲೋರ್ಕಾ ಅನ್ನೋ ಕ್ಲಬ್ ತನಕ. 2020ರಾಗೆ ಎಫ್‌ಸಿ ಗೋವಾಕ್ಕೆ ಬಂದ. ಕೊನೇ ಹತ್ತು ಹದಿನೈದು ನಿಮಿಷಕ್ಕೆ ಇಳಿದು ಗೋಲು ಹೊಡೀತಿದ್ದ. ಭಾರತ ತಂಡಕ್ಕೂ ಆಡಿದ.

ಸ್ಪೇನ್‌ನ ಮೊದಲ ದರ್ಜೆಯಾಗೆ ಆಡಲಿಲ್ಲ, ನಿಜ. ಆದರೆ ಪೆನಾಲ್ಟಿ ಬಾಕ್ಸ್‌ನಾಗೆ ಎಲ್ಲಿ ನಿಲ್ಲಬೇಕು ಅನ್ನೋದು ಅವನಿಗೆ ಗೊತ್ತಿತ್ತಲ್ಲ, ಅದು ಅಲ್ಲಿಂದ ಬಂದಿದ್ದು ಅಂತ ನಾನು ಈಗಲೂ ಹೇಳ್ತೀನಿ.

ಸಂಡೂರು ಪಿಟಿ ಮೇಷ್ಟ್ರು

ಒಪ್ಪುತ್ತೇನೆ, ಇಶಾನ್ ಕಲಿತು ಬಂದ. ಆದರೆ ಆ ವಯಸ್ಸಿನಲ್ಲಿ ಸ್ಪೇನಿನಲ್ಲಿ ಇರುವ ಖರ್ಚನ್ನು ನಮ್ಮ ಜಿಲ್ಲೆಯ ಎಷ್ಟು ಮನೆಗಳು ಹೊರಬಲ್ಲವು?

ಕುಬೊನ ಮ್ಯಾಡ್ರಿಡ್ ವರ್ಷಗಳನ್ನೂ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕ್ಲಬ್ಬಿನ ಹೆಸರಿಗೂ ಆಟಕ್ಕೂ ಇರುವ ದೂರ ಅಲ್ಲೇ ಚೆನ್ನಾಗಿ ಕಾಣುವುದು. ಮ್ಯಾಡ್ರಿಡ್ ಪರ ಅವನು ಒಂದೇ ಒಂದು ಅಧಿಕೃತ ಪಂದ್ಯ ಆಡಲಿಲ್ಲ. ಲಾ ಲಿಗಾದಲ್ಲಿ ಒಂದು ಕ್ಲಬ್ ಯುರೋಪಿಯನ್ ಒಕ್ಕೂಟದ ಹೊರಗಿನ ಮೂವರನ್ನು ಮಾತ್ರ ನೋಂದಾಯಿಸಬಹುದು. ಆ ಮೂರು ಜಾಗಗಳಲ್ಲಿ ವಿನೀಸಿಯಸ್, ರೊಡ್ರಿಗೊ, ಮಿಲಿಟಾವೊ ಇದ್ದರು. ಮೂವರೂ ಬ್ರೆಜಿಲಿನವರು. ಹಾಗಾಗಿ ಲೋನ್, ಮತ್ತೆ ಲೋನ್.

ಮೊದಲು ಮಾಯೋರ್ಕಾ. ಚಿಕ್ಕ ಕ್ಲಬ್, ಆ ವರ್ಷ ಕೆಳಗಿನ ದರ್ಜೆಗೆ ಇಳಿದೇ ಹೋಯಿತು. ಆದರೆ ಕುಬೊಗೆ ಲೀಗಿನಲ್ಲಿ 35 ಪಂದ್ಯ ಸಿಕ್ಕವು, 4 ಗೋಲು. ಅಲ್ಲಿ ಹೊಳೆದ ಅಂತ 2020ರಲ್ಲಿ ವಿಯಾರಿಯಲ್‌ಗೆ ಕಳಿಸಿದರು. ಅದು ಯುರೋಪಾ ಲೀಗ್ ಆಡುವ ದೊಡ್ಡ ತಂಡ, ಕೋಚ್ ಉನಾಯ್ ಎಮೆರಿ. ಬಹುಪಾಲು ಪಂದ್ಯಗಳಲ್ಲಿ ಬೆಂಚು, ಕೊನೆಗೆ ಕೆಲವು ನಿಮಿಷ. ಅರ್ಧ ಸೀಸನ್‌ಗೇ ಅಲ್ಲಿಂದ ಬಿಡಿಸಿಕೊಂಡು 2021ರ ಜನವರಿಯಲ್ಲಿ ಗೆಟಾಫೆಗೆ ಹೋದ. ಇಳಿಯುವ ಭೀತಿಯಲ್ಲಿದ್ದ ತಂಡ ಅದು. ಮೇ ತಿಂಗಳಲ್ಲಿ ಲೆವಾಂಟೆ ವಿರುದ್ಧ ಅವನು ಹೊಡೆದ ಗೋಲಿನಿಂದ ಗೆಟಾಫೆ ಉಳಿದುಕೊಂಡಿತು. ಮತ್ತೆ ಮಾಯೋರ್ಕಾ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಮೂರೂ ಪಂದ್ಯಗಳಲ್ಲಿ ಗೋಲು ಹೊಡೆದ ಹುಡುಗ, ಕಂಚಿನ ಪಂದ್ಯದಲ್ಲಿ ಮೆಕ್ಸಿಕೊಗೆ ಸೋತು ಮೈದಾನದಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಆಗ ಅವನಿಗೆ ಬರೀ 20.

2022ರಲ್ಲಿ ಅವನು ಮ್ಯಾಡ್ರಿಡ್ ಅನ್ನುವ ಹೆಸರನ್ನೇ ಬಿಟ್ಟು ಸಾನ್ ಸೆಬಾಸ್ಟಿಯನ್ನಿನ ರಿಯಲ್ ಸೊಸಿಯೆಡಾಡ್‌ಗೆ ಹೋದ. ಮೊದಲ ಪಂದ್ಯದಲ್ಲೇ ಕಾಡಿಜ್ ವಿರುದ್ಧ ಗೋಲು. ಆ ಸೀಸನ್‌ನಲ್ಲಿ ಲೀಗಿನಲ್ಲಿ 9 ಗೋಲು. ತಂಡ ನಾಲ್ಕನೇ ಸ್ಥಾನಕ್ಕೆ ಬಂದು ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಸೇರಿತು. ಕೋಚ್ ಇಮಾನೋಲ್ ಅಲ್ಗುವಾಸಿಲ್ ವಾರ ವಾರವೂ ಅವನನ್ನು ನಂಬಿ ಇಳಿಸಿದರು. ಬಾರ್ಸಿಲೋನಾ ಬಿಟ್ಟಾಗಲೂ, ವಿಯಾರಿಯಲ್ ಬಿಟ್ಟಾಗಲೂ, ಮ್ಯಾಡ್ರಿಡ್ ಬಿಟ್ಟಾಗಲೂ ಆ ಹುಡುಗ ಆರಿಸಿಕೊಂಡದ್ದು ತನ್ನನ್ನು ಆಡಿಸುವ ಜಾಗವನ್ನು.

ಕಂಪ್ಲಿ ತಂಗಿ

ನಾನು ಪಿಯುಸಿ ಓದ್ತಿರೋ ಹುಡುಗಿ, ಮಿಡ್‌ಫೀಲ್ಡ್ ಆಡ್ತೀನಿ. ಎಲ್ಲರೂ ಹುಡುಗರ ಬಗ್ಗೆನೇ ಬರೀತಿದೀರಿ. ಈಚಿನ ವರ್ಷಗಳಲ್ಲಿ ಹೊರದೇಶಕ್ಕೆ ಹೋಗಿ ನಿಜವಾಗಿ ಆಡಿದವರು ನಮ್ಮ ಹೆಣ್ಣುಮಕ್ಕಳು ಅಣ್ಣಾ.

ಬಾಲಾದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿ ಗೋಲು ಹೊಡೆದರು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮನೀಷಾ ಕಲ್ಯಾಣ್ ಗೋಕುಲಂ ಕೇರಳ ಕ್ಲಬ್‌ಗೆ ಆಡಿ ಇಂಡಿಯನ್ ವಿಮೆನ್ಸ್ ಲೀಗ್ ಗೆದ್ದರು, 2021ರಲ್ಲಿ ಬ್ರೆಜಿಲ್ ವಿರುದ್ಧ ಗೋಲು ಹೊಡೆದರು, 2022ರಲ್ಲಿ 20ನೇ ವಯಸ್ಸಿಗೆ ಸೈಪ್ರಸ್‌ನ ಅಪೊಲ್ಲೊನ್ ಸೇರಿ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದರು. ಆಮೇಲೆ ಗ್ರೀಸ್, ಆಮೇಲೆ ಪೆರು. ಇಲ್ಲಿ ಆಡಿ, ಗೆದ್ದು, ಆಮೇಲೆ ಹೋದರು. ಸೈಪ್ರಸ್ ಅಂದರೆ ಹುಡುಗರು ಮೂಗು ಮುರೀತಾರೆ. ನನಗೆ ಅಲ್ಲಿ ಒಂದು ಬದಲಿ ಆಟಗಾರ್ತಿ ಜಾಗ ಸಿಕ್ಕರೂ ನಾಳೆ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್ ಹತ್ತಿಬಿಡ್ತೀನಿ.

ಶಕ್ತಿನಗರ ರೆಫ್ರಿ

ತಂಗಿ, ನಿನ್ನ ಮಾತು ಬಹಳ ಸರಿ. ಹೋಗುವ ಮುಂಚೆ ಕಾಗದ ಸರಿ ಮಾಡಿಕೋ. ಎಲ್ಲರಿಗೂ ಇದನ್ನೇ ಹೇಳುತ್ತೇನೆ.

12ನೇ ವಯಸ್ಸಿನಿಂದಲೇ ನಿಮ್ಮ ಹೆಸರು ಒಂದು ನೋಂದಾಯಿತ ಕ್ಲಬ್ಬಿನ ಮೂಲಕ ಭಾರತದ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್‌ನಲ್ಲಿ (ಆಟಗಾರರ ನೋಂದಣಿ ವ್ಯವಸ್ಥೆಯಲ್ಲಿ) ಇರಲಿ. ಆಟಗಾರ ಮುಂದೆ ಹೊರದೇಶದ ಕ್ಲಬ್ಬಿಗೆ ದುಡ್ಡಿನ ಮೇಲೆ ವರ್ಗವಾದರೆ ಆ ಮೊತ್ತದ 5 ಶೇಕಡವನ್ನು 12ರಿಂದ 23ರವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು ಅಂತ ಫಿಫಾ ನಿಯಮವಿದೆ. 12ರಿಂದ 15ರವರೆಗೆ ವರ್ಷಕ್ಕೆ 0.25 ಶೇಕಡ, ಆಮೇಲೆ 0.5. ಹತ್ತು ಕೋಟಿಗೆ ಹೋದ ಹುಡುಗನನ್ನು ಆ ಮೊದಲ ನಾಲ್ಕು ವರ್ಷ ಬೆಳೆಸಿದ ರಾಯಚೂರಿನ ಕ್ಲಬ್ಬಿಗೆ ಹತ್ತು ಲಕ್ಷ ಬರುತ್ತದೆ. ಆ ದುಡ್ಡಿನಲ್ಲಿ ನಮ್ಮ ಮೈದಾನಕ್ಕೆ ನೀರು, ಹುಲ್ಲು, ಲೈಟು ಎಲ್ಲ ಬರಬಹುದು. ಹೆಸರು ದಾಖಲಾಗದಿದ್ದರೆ ಒಂದು ಪೈಸೆಯೂ ಇಲ್ಲ. 2022ರಿಂದ ಈ ಲೆಕ್ಕ ಫಿಫಾದ ಕ್ಲಿಯರಿಂಗ್ ಹೌಸ್ (ಈ ದುಡ್ಡು ಹಂಚುವ ಸಂಸ್ಥೆ) ಮೂಲಕ, ದಾಖಲೆ ನೋಡಿಯೇ ನಡೆಯುತ್ತದೆ.

ಹುಟ್ಟಿದ ದಿನಾಂಕವನ್ನೂ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಮಕ್ಕಳ ಶಾಲಾ ದಾಖಲೆಯಲ್ಲಿ ಜೂನ್ 1 ಅಂತಲೇ ಇರುತ್ತದೆ, ಆಧಾರ್‌ನಲ್ಲಿ ಇನ್ನೊಂದು, ಪಂಚಾಯ್ತಿಯ ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಎಲುಬಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುವ ಪರೀಕ್ಷೆಯೂ ಇದೆ. ಪಾಸ್‌ಪೋರ್ಟ್ ಮಾಡಿಸುವ ಹೊತ್ತಿಗೆ ಓಡಾಡುವ ಬದಲು ಈಗಲೇ ಸರಿಪಡಿಸಿ.

ಸಿಂಧನೂರಿನ ತಾಯಿ

ಎಲ್ಲಾರಿಗೂ ಕೈ ಮುಗಿತೀನ್ರಿ. ಮನಿಯವರಿಗೂ ಮಗಗೂ ಇದನ್ನೆಲ್ಲ ಓದಿ ಹೇಳಿದೆ. ಫೋನ್ ಮಾಡಿದಾತಗ ಲೈಸೆನ್ಸ್ ನಂಬರ್ ಕೇಳಿದ್ವಿ, ಆಮ್ಯಾಲ ಅವನ ಫೋನ್ ಬಂದಿಲ್ಲ. ಗದ್ದಿ ಮಾರೋ ಮಾತು ಬಿಟ್ವಿ. ಮಗ ರಾತ್ರಿ ಊಟ ಮಾಡಿದ. ಆದ್ರ ಅವನ ಆಸೆ ಹೋಗಿಲ್ರಿ, ಹೋಗೋದೂ ಬ್ಯಾಡ. ಹದಿನೆಂಟು ತುಂಬೂತನಕ ಅಂವ ಎಲ್ಲಿ ಆಡಬೇಕು, ಅದನ್ನ ಹೇಳ್ರಿ.

ಸಂಡೂರು ಪಿಟಿ ಮೇಷ್ಟ್ರು

ಅಮ್ಮಾ, ಬಹಳ ನೆಮ್ಮದಿಯಾಯಿತು. ಬೆಂಗಳೂರಿನ ಕ್ಲಬ್ಬುಗಳ ಕಿರಿಯರ ತಂಡಗಳ ಟ್ರಯಲ್‌ಗೆ ಕರೆ ಬಂದಾಗಲೆಲ್ಲ ಕಳಿಸಿ. ಬೆಂಗಳೂರು ಎಫ್‌ಸಿಯ ಎರಡನೇ ತಂಡ ಬೆಂಗಳೂರಿನ ಮೇಲಿನ ದರ್ಜೆ ಲೀಗಾದ ಬೆಂಗಳೂರು ಸೂಪರ್ ಡಿವಿಷನ್‌ನಲ್ಲಿ ದೊಡ್ಡವರ ಜೊತೆ ಆಡುತ್ತದೆ, ಕುಬೊ ಜೆ3ನಲ್ಲಿ ಆಡಿದಂತೆಯೇ. ಕಿರಿಯರಿಗಾಗಿ 2022ರಲ್ಲಿ ಶುರುವಾದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗಿನ ಮೊದಲ ಎರಡು ವರ್ಷ ಗೆದ್ದದ್ದೂ ಅವರೇ. ಆ ಹುಡುಗರು 2022ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕ್ಲಬ್ಬುಗಳ ಕಿರಿಯರ ಜೊತೆ ನೆಕ್ಸ್ಟ್ ಜೆನ್ ಕಪ್ ಆಡಿ ಬಂದರು. ಯಾರ ಮನೆಯವರೂ ಹೊಲ ಮಾರಲಿಲ್ಲ.

ಅಲ್ಲಿ ಆಗದಿದ್ದರೆ ಕೆಳಗಿನ ಡಿವಿಷನ್ನಿನ ಕ್ಲಬ್ ಆದರೂ ಸರಿ, ವಾರಕ್ಕೊಂದು ಪಂದ್ಯ ಸಿಗಬೇಕು. ಪಿಯುಸಿ ಬಿಡಿಸಬೇಡಿ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಮಾತಾಡುವ ಅಭ್ಯಾಸ ಮಾಡಿಸಿ, ಕೌಲ್‌ಬಜಾರ್ ತಮ್ಮ ಹೇಳಿದ ಭಾಷೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಪೂರ್ತಿ ಪಂದ್ಯದ ವಿಡಿಯೊ ಕಳಿಸಿ, ಗೋಲುಗಳನ್ನಷ್ಟೇ ಕತ್ತರಿಸಿದ್ದು ಬೇಡ. ಚೆಂಡು ಕಾಲಲ್ಲಿ ಇಲ್ಲದಾಗ ಅವನು ಏನು ಮಾಡುತ್ತಾನೆ ನೋಡಬೇಕು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನು ಮೈದಾನದಲ್ಲೇ ಇರುತ್ತೇನೆ. ಬರುವುದಾದರೆ ಜನನ ಪ್ರಮಾಣಪತ್ರ, ಆಧಾರ್, ಎರಡು ಫೋಟೊ ತನ್ನಿ. ಸಿಆರ್‌ಎಸ್ ಅರ್ಜಿ ತುಂಬುವುದು ಹೇಗೆ ಅಂತ ತೋರಿಸಿಕೊಡುತ್ತೇನೆ. ಕಂಪ್ಲಿ ತಂಗಿಯೂ ಬರಲಿ.